ಕೆರೆ ದಂಡೆಯಲ್ಲಿ ಕಂಡದ್ದನ್ನು ಎಲ್ಲಿ ಬರೆದಿಡೋದು? ಈಬರ್ಡ್, ಐನ್ಯಾಚುರಲಿಸ್ಟ್, ಸೀಸನ್‌ವಾಚ್, ಇಲ್ಲಾ ವಾಟ್ಸಾಪ್ ಗುಂಪೇ ಸಾಕಾ?

ಮೂರು ವರ್ಷದ ಹಿಂದಿನ ಮಾತು. ಜೂನ್ ತಿಂಗಳು. ನಮ್ಮ ಏರಿಯಾದ ಕೆರೆಯಲ್ಲಿ ಜೊಂಡು ತೆಗೆಸುತ್ತಾರಂತೆ ಅಂತ ಸುದ್ದಿ ಬಂತು. ಆ ಜೊಂಡಿನೊಳಗೆ ನೀಲಿ ಜಂಬುಕೋಳಿ ಗೂಡು ಕಟ್ಟುತ್ತದೆ, ಕಪ್ಪು ತುಪ್ಪಳದ ಮರಿಗಳನ್ನು ಕರೆದುಕೊಂಡು ಓಡಾಡುತ್ತದೆ ಅನ್ನೋದು ಬೆಳಗ್ಗೆ ವಾಕಿಂಗ್ ಬರುವ ಎಲ್ಲರಿಗೂ ಗೊತ್ತು. ಐದಾರು ಜನ ಸೇರಿ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹತ್ತಿರ ಹೋದೆವು. ಅವರು ಜಗಳಕ್ಕೆ ಬರಲಿಲ್ಲ. ಕೂರಿಸಿ ಕೇಳಿದ್ದು ಇಷ್ಟೇ: "ಯಾವ ದಿನ ನೋಡಿದ್ರಿ? ಕೆರೆಯ ಯಾವ ಕಡೆ? ಎಷ್ಟಿದ್ವು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬೇಕಾದಷ್ಟಿತ್ತು. ಆದರೆ ಗುಡ್ ಮಾರ್ನಿಂಗ್ ಮೆಸೇಜು, ಟ್ಯಾಂಕರ್ ನಂಬರು, ಕಳೆದುಹೋದ ಬೆಕ್ಕಿನ ಚಿತ್ರ, ಇವುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದರೆ ಅರ್ಧ ಫೋಟೊ ತೆರೆಯಲೇ ಇಲ್ಲ, ತೆರೆದವು ಯಾವ ಕೆರೆಯವು ಅಂತ ಹಾಕಿದವರಿಗೇ ನೆನಪಿಲ್ಲ. ಕೊನೆಗೆ ಕೈ ಹಿಡಿದದ್ದು ಪಕ್ಕದ ಬೀದಿಯ ಒಬ್ಬ ಕಾಲೇಜು ಹುಡುಗ. ಅವನು ಎರಡು ವರ್ಷದಿಂದ ಪ್ರತಿ ಭಾನುವಾರ ಕೆರೆ ಸುತ್ತಿ ಈಬರ್ಡ್ ಅನ್ನುವ ಆ್ಯಪ್‌ನಲ್ಲಿ ಹಕ್ಕಿ ಪಟ್ಟಿ ಹಾಕುತ್ತಿದ್ದನಂತೆ, ಯಾರಿಗೂ ಹೇಳಿರಲಿಲ್ಲ. ಹದಿನಾಲ್ಕು ಪಟ್ಟಿಯಲ್ಲಿ ಜಂಬುಕೋಳಿ ಮರಿಗಳ ಲೆಕ್ಕ ಇತ್ತು, ದಿನಾಂಕ ಸಮೇತ. ಪ್ರಿಂಟ್ ತೆಗೆದು ಕೊಟ್ಟೆವು. ಈಶಾನ್ಯ ಮೂಲೆಯ ಜೊಂಡನ್ನು ಮಳೆಗಾಲ ಮುಗಿಯುವ ತನಕ ಮುಟ್ಟಲಿಲ್ಲ.

ಆವತ್ತಿನಿಂದ ಯಾರಾದರೂ "ನಾನೂ ನಮ್ಮ ಕೆರೆ, ಮರ, ಹಕ್ಕಿ ಬಗ್ಗೆ ಏನಾದ್ರೂ ಮಾಡ್ಬೇಕು, ಯಾವ ಆ್ಯಪ್ ಹಾಕ್ಕೊಳ್ಳಲಿ" ಅಂತ ಕೇಳಿದರೆ ನಾನು ಅದೇ ಮೂರು ಪ್ರಶ್ನೆ ಇಟ್ಟುಕೊಂಡು ಅಳೆಯುತ್ತೇನೆ. ಯಾವ ದಿನ, ಎಲ್ಲಿ, ಎಷ್ಟು. ಜೊತೆಗೆ ಇನ್ನೊಂದು: ನಾನು ಬರೆದದ್ದಕ್ಕೆ ಆ ಕಡೆಯಿಂದ ಯಾರಾದರೂ ಮಾತಾಡ್ತಾರಾ? ಒಬ್ಬರೇ ಬರೆದುಕೊಂಡು ಕೂತರೆ ಎರಡು ತಿಂಗಳಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತೇವೆ, ಅಲ್ವಾ.

ಈಬರ್ಡ್: ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುವವರಿಗೆ

ಇದು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯವರು 2002ರಲ್ಲಿ ಶುರು ಮಾಡಿದ್ದು. ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾ ಅನ್ನುವ ಬಳಗ ಇದನ್ನು ನೋಡಿಕೊಳ್ಳುತ್ತದೆ. ಹಕ್ಕಿಗೆ ಮಾತ್ರ. ಚಿಟ್ಟೆ, ಹಾವು, ಗಿಡ ಯಾವುದೂ ಇಲ್ಲಿ ನಡೆಯಲ್ಲ.

ಕೆಲಸ ಸುಲಭ. ಕೆರೆ ಗೇಟಿನಲ್ಲಿ ಆ್ಯಪ್ ತೆರೆದು ಪಟ್ಟಿ ಶುರು ಮಾಡಿ. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಅನ್ನೋದನ್ನು ಅದೇ ಲೆಕ್ಕ ಇಡುತ್ತದೆ. ನೀವು ಕಂಡ ಹಕ್ಕಿ, ಕೂಗು ಕೇಳಿ ಗುರುತಿಸಿದ ಹಕ್ಕಿ, ಎಲ್ಲವನ್ನೂ ಎಣಿಸಿ ಬರೆಯುತ್ತಾ ಹೋಗಿ. ಹದಿನೈದು ನಿಮಿಷವಾದರೂ ಇರಲಿ. ನನ್ನ ಒಂದು ಸಾಮಾನ್ಯ ಬೆಳಗಿನ ಪಟ್ಟಿ ಹೀಗಿರುತ್ತದೆ: 6 ಗಂಟೆ 40, 45 ನಿಮಿಷ, 1.2 ಕಿಲೋಮೀಟರ್. ನಾಮದ ಕೋಳಿ 62. ಗುಳುಮುಳುಕ 9. ಹೆಜ್ಜಾರ್ಲೆ 4. ಬೆಳ್ಳಕ್ಕಿ 17. ಮಿಂಚುಳ್ಳಿ 2. ಕಾಗೆ 11. ಪಾರಿವಾಳ 30. ಮಡಿವಾಳ ಹಕ್ಕಿ 1, ಅದು ಕಂಡಿಲ್ಲ, ಕೂಗು ಮಾತ್ರ.

ಕಾಗೆ, ಪಾರಿವಾಳ ಯಾಕೆ ಅಂತ ಕೇಳಬೇಡಿ. ಅಲ್ಲೇ ಇರೋದು ಇದರ ಜೀವಾಳ. ಕೊನೆಗೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ? ಹೌದು ಅಂದರೆ ಅದು ಪೂರ್ತಿ ಪಟ್ಟಿ. ಪೂರ್ತಿ ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲ ಅಂದರೆ ಆವತ್ತು ಗುಬ್ಬಚ್ಚಿ ಕಾಣಲಿಲ್ಲ ಅಂತಲೇ ಅರ್ಥ, ಬರೆಯೋಕೆ ಮರೆತರು ಅಂತಲ್ಲ. ಹೋದ ವರ್ಷ ನೂರು ಪಟ್ಟಿಯಲ್ಲಿ ಇಪ್ಪತ್ತರಲ್ಲಿ ಗುಬ್ಬಚ್ಚಿ ಇದ್ದು, ಈ ವರ್ಷ ನೂರರಲ್ಲಿ ಎಂಟರಲ್ಲಿ ಮಾತ್ರ ಇದ್ದರೆ ಏನೋ ಆಗಿದೆ ಅಂತ ಯಾರಾದರೂ ಹೇಳಬಹುದು. ಬರೀ ಅಪರೂಪದ ಹಕ್ಕಿಯ ಫೋಟೊ ಹಾಕುವವರಿಂದ ಈ ಲೆಕ್ಕ ಯಾವತ್ತೂ ಸಿಗೋದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರೋದೇ ಇಂಥ ಪಟ್ಟಿಗಳ ಮೇಲೆ. ಸುಮಾರು 30,000 ಜನ ಹಾಕಿದ 3 ಕೋಟಿ ದಾಖಲೆ, 942 ಜಾತಿಯ ಹಕ್ಕಿಗಳ ಲೆಕ್ಕ. ಅವುಗಳಲ್ಲಿ 178 ಜಾತಿಗಳಿಗೆ ತುರ್ತಾಗಿ ಗಮನ ಬೇಕು ಅಂತ ವರದಿ ಹೇಳಿತು. ನಮ್ಮ ರಾಜ್ಯದ ಹಕ್ಕಿ ನೀಲಕಂಠವೂ ಕಡಿಮೆಯಾಗುತ್ತಿದೆ ಅಂತ ಗೊತ್ತಾದದ್ದು ಇದರಿಂದಲೇ. ಊರಿಗೆ ಹೋಗುವಾಗ ತಂತಿ ಮೇಲೆ ಕೂತಿರುತ್ತಿದ್ದ ನೀಲಕಂಠ ಈಗ ಕಾಣಲ್ಲ ಅಂತ ನಮಗೆಲ್ಲ ಅನ್ನಿಸುತ್ತಿತ್ತು. ಅನ್ನಿಸಿದ್ದು ಲೆಕ್ಕ ಆಗಬೇಕಾದರೆ ಯಾರೋ ಬರೆದಿರಬೇಕು.

ತೊಂದರೆಗಳೂ ಇವೆ. ಶುರುವಿನಲ್ಲಿ ಹೆಸರು ಗೊತ್ತಿರೋದಿಲ್ಲ. ಮರ್ಲಿನ್ ಅನ್ನುವ ಇನ್ನೊಂದು ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಕಲಿಯೋಕೆ ತುಂಬಾ ಒಳ್ಳೆಯದು. ಆದರೆ ಅದು ಹೇಳಿದ್ದನ್ನೆಲ್ಲ ಪಟ್ಟಿಗೆ ಹಾಕಬೇಡಿ. ರಿಂಗ್ ರೋಡ್ ಪಕ್ಕದ ಗದ್ದಲದಲ್ಲಿ ಅದಕ್ಕೂ ತಪ್ಪಾಗುತ್ತದೆ. ಕಣ್ಣಿಗೆ ಬಿದ್ದ ಮೇಲೆ, ಇಲ್ಲಾ ಕೂಗು ನಿಮಗೇ ಖಾತ್ರಿಯಾದ ಮೇಲೆ ಬರೆಯಿರಿ. ಸಂಖ್ಯೆ ಬರೆಯೋಕೆ ಸೋಮಾರಿತನ ಬೇಡ. "ಇತ್ತು" ಅಂತಷ್ಟೇ ಗುರುತು ಹಾಕುವ ಅವಕಾಶ ಇದೆ, ನಾನು ಮೊದಲ ಆರು ತಿಂಗಳು ಹಾಗೇ ಹಾಕಿದೆ. ಈಗ ಆ ಪಟ್ಟಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟು ಅನ್ನೋದು ಒಂದರಲ್ಲೂ ಇಲ್ಲ.

ಇನ್ನೊಂದು ವಿಷಯ, ಮರಿ ಕಂಡರೆ, ಗೂಡಿಗೆ ಕಡ್ಡಿ ಒಯ್ಯೋದು ಕಂಡರೆ ಅದನ್ನು ಗುರುತು ಮಾಡೋಕೆ ಬೇರೆಯೇ ಸಂಕೇತಗಳಿವೆ. ಅವನ್ನು ಮರೆಯದೆ ಹಾಕಿ. ನಮ್ಮ ಜೊಂಡು ಉಳಿದದ್ದು ಅದರಿಂದ.

ಐನ್ಯಾಚುರಲಿಸ್ಟ್: ಕಂಡದ್ದೆಲ್ಲ ಏನು ಅಂತ ಕೇಳುವವರಿಗೆ

ನಿಮಗೆ ಹಕ್ಕಿ ಮಾತ್ರ ಸಾಲದು, ಕಾಂಪೌಂಡ್ ಮೇಲಿನ ಜೇಡ, ಬಾತ್‌ರೂಮಿಗೆ ಬಂದ ಪತಂಗ, ಮಳೆ ಬಿದ್ದ ಮಾರನೇ ದಿನ ಎದ್ದ ಅಣಬೆ, ಎಲ್ಲದರ ಹೆಸರೂ ಬೇಕು ಅನ್ನಿಸಿದರೆ ಇಲ್ಲಿಗೆ ಬನ್ನಿ. 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು, ಈಗ ಸ್ವತಂತ್ರ ಲಾಭರಹಿತ ಸಂಸ್ಥೆ. ಫೋಟೊ ಇಲ್ಲಾ ಧ್ವನಿ ಹಾಕಿ, ಆ್ಯಪ್ ಒಂದಷ್ಟು ಹೆಸರು ಸೂಚಿಸುತ್ತದೆ, ಆಮೇಲೆ ಜನ ಬಂದು ಹೌದು, ಅಲ್ಲ ಅನ್ನುತ್ತಾರೆ. ದಿನಾಂಕ, ಜಾಗ, ಫೋಟೊ ಸರಿಯಿದ್ದು ಹೆಸರು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದರೆ ಅದು ಸಂಶೋಧನೆಗೆ ಯೋಗ್ಯ ಅನ್ನುವ ದರ್ಜೆಗೆ ಏರುತ್ತದೆ.

ಮಾತುಕತೆಯ ವಿಷಯದಲ್ಲಿ ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ. ನಮ್ಮ ಮನೆ ದಾಸವಾಳದ ಎಲೆ ಮೇಲೆ ಕೂತಿದ್ದ ಉಗುರಿಗಿಂತ ಚಿಕ್ಕ ಜಿಗಿಯುವ ಜೇಡದ ಫೋಟೊ ಹಾಕಿದ್ದೆ. ಎರಡು ವಾರ ಏನೂ ಇಲ್ಲ. ಆಮೇಲೆ ಯಾರೋ ಗುರುತಿಲ್ಲದವರು ಬಂದು ಜಾತಿ ಹೇಳಿ, "ಮುಂದಿನ ಸಲ ಮುಖದ ಕಡೆಯಿಂದಲೂ ಒಂದು ಫೋಟೊ ತೆಗೆಯಿರಿ, ಕಣ್ಣುಗಳ ಸಾಲು ನೋಡಿದರೆ ಗುರುತಿಸೋದು ಸುಲಭ" ಅಂದರು. ಆ ಒಂದು ಸಾಲು ನನಗೆ ಜೇಡ ನೋಡೋದು ಹೇಗೆ ಅಂತ ಕಲಿಸಿತು.

ಆದರೆ "ಎಷ್ಟು" ಅನ್ನುವ ಪ್ರಶ್ನೆಗೆ ಇದು ಸೋಲುತ್ತದೆ. ಇಲ್ಲಿ ಒಂದು ದಾಖಲೆ ಅಂದರೆ ಒಂದು ಜೀವಿ. ಕೆರೆಯಲ್ಲಿ 62 ನಾಮದ ಕೋಳಿ ಇದ್ದರೂ ಜನ ಒಂದರ ಫೋಟೊ ಹಾಕುತ್ತಾರೆ, ನಾಲ್ಕಿದ್ದರೂ ಒಂದೇ. ಕಾಣದೇ ಇದ್ದದ್ದನ್ನು ಬರೆಯೋಕೆ ದಾರಿಯೇ ಇಲ್ಲ. ಹಾಗಾಗಿ "ಈ ಕೆರೆಯಲ್ಲಿ ಏನೇನಿದೆ" ಅಂತ ತೋರಿಸೋಕೆ ಇದು ಸರಿ. "ಕಡಿಮೆ ಆಗ್ತಿದೆ" ಅಂತ ತೋರಿಸೋಕೆ ಈಬರ್ಡ್ ಬೇಕು.

ಬೆಂಗಳೂರಿನವರು ಗಮನಿಸಬೇಕಾದ ಒಂದು ಮಾತು. ಬಾಲ್ಕನಿಯ ಕುಂಡದ ಗಿಡ, ಪಾರ್ಕಿನಲ್ಲಿ ನೆಟ್ಟ ಮರ, ರಸ್ತೆ ಬದಿಯ ಟಬೆಬುಯಾ, ಇವೆಲ್ಲ ಮನುಷ್ಯರು ನೆಟ್ಟದ್ದು ಅಂತ ಗುರುತು ಹಾಕಲೇಬೇಕು. ಹಾಕಿದ ಮೇಲೆ ಅವು ಸಂಶೋಧನೆಯ ದರ್ಜೆಗೆ ಹೋಗೋದಿಲ್ಲ. ಗುರುತು ಹಾಕದೇ ಬಿಟ್ಟರೆ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರ ನಮ್ಮ ಜಯನಗರದಲ್ಲಿ ತಾನಾಗೇ ಬೆಳೆದಿದೆ ಅಂತ ದಾಖಲಾಗಿಬಿಡುತ್ತದೆ. ಅದೇ ಮರದ ಮೇಲಿನ ಇರುವೆ, ಚಿಟ್ಟೆ, ಹಲ್ಲಿಗೆ ಈ ತೊಂದರೆ ಇಲ್ಲ, ಅವನ್ನು ಧಾರಾಳವಾಗಿ ಹಾಕಿ.

ಮಕ್ಕಳಿದ್ದರೆ? ಐನ್ಯಾಚುರಲಿಸ್ಟ್ ಖಾತೆಗೆ 13 ವರ್ಷ ಆಗಿರಬೇಕು. ಚಿಕ್ಕವರಿಗೆ ಅವರದೇ ಸೀಕ್ ಅನ್ನುವ ಆ್ಯಪ್ ಇದೆ. ಖಾತೆ ಬೇಡ, ಕ್ಯಾಮೆರಾ ಹಿಡಿದರೆ ಹೆಸರು ಹೇಳುತ್ತದೆ. ನನ್ನ ತಂಗಿಯ ಮಗ ಲಾಲ್‌ಬಾಗಿನಲ್ಲಿ ಅದನ್ನು ಹಿಡಿದು ಒಂದು ಗಂಟೆಯಲ್ಲಿ ಇಪ್ಪತ್ತು ಹೆಜ್ಜೆ ದಾಟಲಿಲ್ಲ, ಅಷ್ಟು ನೋಡಿದ.

ಸೀಸನ್‌ವಾಚ್: ಮನೆ ಮುಂದೆ ಒಂದು ಮರ ಇದ್ದರೆ ಸಾಕು

ಇದರ ಬಗ್ಗೆ ಜನ ಮಾತಾಡೋದು ಕಡಿಮೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಕೆಲಸ ಇಷ್ಟು. ಒಂದು ಮರ ಆರಿಸಿಕೊಳ್ಳಿ. ಪಟ್ಟಿಯಲ್ಲಿ ನೂರಕ್ಕೂ ಜಾಸ್ತಿ ಜಾತಿಗಳಿವೆ: ಮಾವು, ಹಲಸು, ಹುಣಸೆ, ಬೇವು, ಕಕ್ಕೆ, ಹೊಂಗೆ ಎಲ್ಲ. ವಾರಕ್ಕೊಮ್ಮೆ ಅದರ ಕೆಳಗೆ ನಿಂತು ಮೇಲೆ ನೋಡಿ. ಚಿಗುರು ಇದೆಯಾ, ಬಲಿತ ಎಲೆ ಇದೆಯಾ, ಮೊಗ್ಗು, ಅರಳಿದ ಹೂವು, ಕಾಯಿ, ಹಣ್ಣು. ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ತುಂಬಾ, ಈ ಮೂರರಲ್ಲಿ ಒಂದು ಉತ್ತರ. ಎರಡು ನಿಮಿಷದ ಕೆಲಸ. ಹವಾಮಾನ ಬದಲಾದಂತೆ ಮರಗಳು ಚಿಗುರುವ, ಹೂ ಬಿಡುವ ಕಾಲ ಬದಲಾಗುತ್ತಿದೆಯಾ ಅಂತ ದೇಶದ ಉದ್ದಗಲಕ್ಕೂ ನೋಡೋದು ಇದರ ಉದ್ದೇಶ.

ನಮ್ಮ ಅತ್ತೆಗೆ ಮಂಡಿ ನೋವು, ಕೆರೆ ತನಕ ನಡೆಯೋಕೆ ಆಗಲ್ಲ. ಗೇಟ್ ಮುಂದಿನ ಹೊಂಗೆ ಮರ ಅವರದ್ದು. ಪ್ರತಿ ಶುಕ್ರವಾರ ಹೂ ಕಿತ್ತುಕೊಂಡು ಬರುವಾಗ ನೋಡಿ ಹೇಳುತ್ತಾರೆ, ನಾನು ಆ್ಯಪ್‌ನಲ್ಲಿ ಒತ್ತುತ್ತೇನೆ. ಜನವರಿ ಕೊನೆಗೆ ಎಲೆ ಹಳದಿಯಾಗಿ ಉದುರಿ ಮರ ಬೋಳಾದಂತೆ ಕಾಣುತ್ತದೆ. ಬೀದಿಯವರು ಒಣಗಿಹೋಯ್ತು, ಕಡಿಸಿ ಅನ್ನುವ ಹೊತ್ತು ಅದೇ. ಮೂರೇ ವಾರ. ಆಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೇ ಹಸಿರು ಚಿಗುರು, ಯುಗಾದಿ ಆಸುಪಾಸಿಗೆ ಹೂವು, ಬೆಳಗ್ಗೆ ಬಾಗಿಲು ತೆಗೆದರೆ ರಂಗೋಲಿ ಮೇಲೆ ಮಾಸಲು ಬಿಳಿ, ತಿಳಿ ನೇರಳೆ ಹೂವಿನ ಹಾಸು. ಕಳೆದ ವರ್ಷ ಆ ಬೋಳು ದಿನಗಳಲ್ಲೇ ಯಾರೋ ಗುತ್ತಿಗೆಯವರು ಗರಗಸ ತಂದರು. ಅತ್ತೆ ಆ್ಯಪ್ ತೋರಿಸಿ ಅಂದರು. ಹಿಂದಿನ ಎರಡು ವರ್ಷದ ಜನವರಿ, ಫೆಬ್ರವರಿಯ ದಾಖಲೆ ತೋರಿಸಿದೆ: ಎಲೆ ಇಲ್ಲ, ಎಲೆ ಇಲ್ಲ, ಚಿಗುರು ಸ್ವಲ್ಪ, ಚಿಗುರು ತುಂಬಾ. ತಂತಿಗೆ ತಾಗುತ್ತಿದ್ದ ಒಂದು ಕೊಂಬೆ ಮಾತ್ರ ಕಡಿದು ಹೋದರು.

ಇದರ ಕೊರತೆ ಮಾತುಕತೆ. ಐನ್ಯಾಚುರಲಿಸ್ಟ್‌ನಲ್ಲಿ ಯಾರೋ ಬಂದು ಉತ್ತರ ಕೊಡುವ ಖುಷಿ ಇಲ್ಲಿ ಇಲ್ಲ. ವಾರ ತಪ್ಪಿಸಿದರೆ ದಾಖಲೆಯ ಬೆಲೆ ಇಳಿಯುತ್ತದೆ. ಜೊತೆಗೊಬ್ಬರು ಬೇಕು. ಮನೆಯಲ್ಲೇ ಒಬ್ಬರು, ಇಲ್ಲಾ ಒಂದು ಶಾಲೆ. ಟೀಚರ್ ಆಗಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಿಡಿಯಿರಿ. ಶಾಲೆ ಅಂಗಳದ ಮರ ಎಲ್ಲಿಗೂ ಹೋಗಲ್ಲ, ಬೈನಾಕ್ಯುಲರ್ ಬೇಡ, ಪರ್ಮಿಷನ್ ಬೇಡ.

ಉಳಿದವು

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ನಮ್ಮ ದೇಶದ್ದೇ, ಇದೂ ಶುರುವಾದದ್ದು 2008ರಲ್ಲಿ. ಐನ್ಯಾಚುರಲಿಸ್ಟ್ ಥರವೇ ಕೆಲಸ, ಜನ ಸ್ವಲ್ಪ ಕಡಿಮೆ. ಚಿಟ್ಟೆ ಹುಚ್ಚಿದ್ದವರಿಗೆ ನಮ್ಮ ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್ಸಿನಲ್ಲಿರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಟ್ಟಿದ ಬಟರ್‌ಫ್ಲೈಸ್ ಆಫ್ ಇಂಡಿಯಾ ಇದೆ. ಅಲ್ಲಿ ತಜ್ಞರು ನೋಡಿದ ಮೇಲೆಯೇ ಫೋಟೊ ಸೇರೋದು. ಮೊಟ್ಟೆಯಿಂದ ಚಿಟ್ಟೆ ತನಕ, ಯಾವ ಗಿಡ ತಿನ್ನುತ್ತದೆ ಅನ್ನೋದರ ಸಮೇತ ಫೋಟೊ ಇದ್ದರೆ ಅಲ್ಲಿಗೇ ಕೊಡಿ.

ವಾಟ್ಸಾಪ್ ಗುಂಪನ್ನು ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಮೀನು ಸತ್ತು ತೇಲುತ್ತಿವೆ, ಚರಂಡಿ ನೀರು ಕೆರೆಗೆ ಬಿಟ್ಟಿದ್ದಾರೆ, ಮರಕ್ಕೆ ಕೊಡಲಿ ಬಿತ್ತು, ಇಂಥ ಹೊತ್ತಲ್ಲಿ ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರೋದು ಅದರಿಂದಲೇ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಊರಿನವರು ಬಳ್ಳಾರಿ ರಸ್ತೆಯಲ್ಲಿ ಕೈ ಕೈ ಹಿಡಿದು ನಿಂತದ್ದು ನೆನಪಿದೆಯಲ್ಲ. 812 ಮರ ಹೋಗುತ್ತವೆ ಅನ್ನುವ ಸುದ್ದಿ ಮನೆ ಮನೆಗೆ ಮುಟ್ಟಿದ್ದು ಫೋನಿನಿಂದ ಫೋನಿಗೆ. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಜನ ಕೂಡಿಸೋಕೆ ವಾಟ್ಸಾಪ್, ನೆನಪಿಡೋಕೆ ಬೇರೆ ಜಾಗ.

ಹಾಗೇ ಯಾವ ಆ್ಯಪ್‌ನಲ್ಲಿ ಹಾಕಿದರೂ ಅದು ದೂರು ಕೊಟ್ಟಂತೆ ಆಗಲ್ಲ. ಮರದ ವಿಷಯಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಜಾಸ್ತಿ ಮರ ಅಂದರೆ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಬರೆಯುವಾಗ "ಈ ಮರಗಳಲ್ಲಿ ತುಂಬಾ ಹಕ್ಕಿಗಳಿವೆ" ಅಂತ ಬರೆಯೋದಕ್ಕೂ, ಇಂಥ ತಿಂಗಳು ಇಂಥ ಮರದಲ್ಲಿ ಇಷ್ಟು ಬೆಳ್ಳಕ್ಕಿ ಗೂಡು ಎಣಿಸಿದ್ದೇವೆ ಅಂತ ಪಟ್ಟಿ ಲಗತ್ತಿಸೋದಕ್ಕೂ ಅಜಗಜಾಂತರ.

ಹೊಸಬರಿಗೆ ಅಲ್ಲಿನ ನಡವಳಿಕೆ ಬಗ್ಗೆ ಎರಡು ಮಾತು

ಐನ್ಯಾಚುರಲಿಸ್ಟ್‌ನಲ್ಲಿ ನೀವು ಜೀವಿಗೆ ಕೊಟ್ಟ ಹೆಸರು ತಪ್ಪು ಅಂತ ಯಾರಾದರೂ ಬೇರೆ ಹೆಸರು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹೇಗೆ ಗೊತ್ತಾಯ್ತು ಅಂತ ಕೇಳಿ, ಬಹಳಷ್ಟು ಜನ ಸಂತೋಷದಿಂದ ಹೇಳುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಸುಮ್ನೆ ಒಪ್ಪಿಗೆ ಒತ್ತೋದು. ಒಬ್ಬರು ದೊಡ್ಡವರು ಹೇಳಿದರು ಅಂತ ನಾವೂ ಹೌದು ಅಂದರೆ, ತಪ್ಪು ಹೆಸರು ಸಂಶೋಧನೆಯ ದರ್ಜೆಗೆ ಏರಿ ಕೂತುಬಿಡುತ್ತದೆ. ನಿಮಗೇ ಗೊತ್ತಿದ್ದರೆ ಮಾತ್ರ ಒಪ್ಪಿ. ಈಬರ್ಡ್‌ನಲ್ಲಿ ಆ ಜಾಗಕ್ಕೆ, ಆ ಕಾಲಕ್ಕೆ ಹೊಂದದ ಹಕ್ಕಿ ಬರೆದರೆ ಸ್ಥಳೀಯ ಸ್ವಯಂಸೇವಕರೊಬ್ಬರು ಮೇಲ್ ಮಾಡಿ ವಿವರ ಕೇಳುತ್ತಾರೆ. ನಿಮ್ಮನ್ನು ಸುಳ್ಳುಗಾರರು ಅನ್ನುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ: ಬಾಲ ಎಷ್ಟು ಉದ್ದ, ಕಾಲು ಯಾವ ಬಣ್ಣ, ಏನು ಮಾಡುತ್ತಿತ್ತು.

ಜಾಗದ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಗೂಬೆ ಗೂಡು, ಕಾಡುಪಾಪ, ಇವುಗಳ ಲೊಕೇಶನ್ ಗುಂಪಿಗೆ ಹಾಕಿದರೆ ಮಾರನೇ ದಿನ ಉದ್ದ ಲೆನ್ಸಿನವರು, ಟಾರ್ಚಿನವರು ಅಲ್ಲಿ ನಿಂತಿರುತ್ತಾರೆ. ನಮ್ಮ ಕಡೆ ಒಂದು ಗೂಬೆ ಜೋಡಿ ಹಾಗೇ ಪೊಟರೆ ಬಿಟ್ಟು ಹೋಯಿತು. ಆ ಫೋಟೊ ಮೊದಲು ಹಂಚಿದವಳು ನಾನೇ, ಅದರ ನೋವು ಇನ್ನೂ ಹೋಗಿಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಸೌಲಭ್ಯ ಇದೆ, ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ತೋರಿಸುತ್ತದೆ. ಮನೆಯೊಳಗೆ ತೆಗೆದ ಫೋಟೊಗಳಿಗೂ ಅದನ್ನೇ ಹಾಕಿ, ಇಲ್ಲದಿದ್ದರೆ ನಿಮ್ಮ ಮನೆ ಬಾಗಿಲೇ ನಕ್ಷೆಯಲ್ಲಿ ಇರುತ್ತದೆ.

ಹಾಗಾದರೆ ಯಾವುದು? ವಾರಕ್ಕೆರಡು ಸಲವಾದರೂ ಅದೇ ಕೆರೆಗೆ ಹೋಗುತ್ತೀರಾದರೆ ಈಬರ್ಡ್, ಎರಡನೇ ಮಾತಿಲ್ಲ. ಸಮಯ ಸಿಕ್ಕಾಗ ಸುತ್ತುತ್ತೀರಿ, ಕೈಯಲ್ಲಿ ಕ್ಯಾಮೆರಾ ಇದೆ, ಪ್ರಶ್ನೆಗಳು ಜಾಸ್ತಿ ಅಂದರೆ ಐನ್ಯಾಚುರಲಿಸ್ಟ್. ಮನೆ ಬಿಟ್ಟು ಹೋಗೋಕೆ ಆಗಲ್ಲ ಅಂದರೆ ಸೀಸನ್‌ವಾಚ್. ಮೂರನ್ನೂ ಒಂದೇ ದಿನ ಹಾಕಿಕೊಂಡವರು ಮೂರನ್ನೂ ಬಿಟ್ಟಿರೋದನ್ನು ನಾನು ನೋಡಿದ್ದೇನೆ. ಒಂದನ್ನು ಹಿಡಿದು ಒಂದು ಮಳೆಗಾಲ, ಒಂದು ಚಳಿಗಾಲ ದಾಟಿಸಿ. ಸೆಪ್ಟೆಂಬರಿನಲ್ಲಿ ಬೂದು ಸಿಪಿಲೆ ಬಾಲ ಕುಣಿಸುತ್ತಾ ಬಂದಿಳಿದ ದಿನವನ್ನು ನೀವೇ ಬರೆದಿದ್ದರೆ, ಮುಂದಿನ ವರ್ಷ ಆ ದಿನಕ್ಕೆ ಕಾಯುತ್ತೀರಿ.

ಹಳೇ ಫೋಟೊಗಳ ಬಗ್ಗೆ ಹೇಳೋದು ಮರೆತೆ. ಈಬರ್ಡ್, ಐನ್ಯಾಚುರಲಿಸ್ಟ್ ಎರಡರಲ್ಲೂ ಹಿಂದಿನ ದಿನಾಂಕದ ದಾಖಲೆ ಹಾಕಬಹುದು. ಆದರೆ ವಾಟ್ಸಾಪ್‌ನಲ್ಲಿ ಬಂದ ಫೋಟೊದಿಂದ ತೆಗೆದ ದಿನ, ಜಾಗ ಎರಡೂ ಅಳಿಸಿಹೋಗಿರುತ್ತವೆ. ತೆಗೆದವರ ಫೋನಿನಲ್ಲಿರುವ ಮೂಲ ಫೋಟೊವೇ ಬೇಕು. ನಮ್ಮ ಕೆರೆ ಗುಂಪಿನ ಹಿರಿಯರೊಬ್ಬರು ಹೋದ ವಾರ ಬೀರುವಿನಿಂದ ಹಳೇ ಫೋನ್ ತೆಗೆದು ಚಾರ್ಜಿಗೆ ಹಾಕಿದ್ದಾರೆ. ಅದರಲ್ಲಿ ಜಂಬುಕೋಳಿಯ ಒಂದು ಫೋಟೊ ಸಿಕ್ಕಿದೆ, ಹಿಂದೆ ಮೂರು ಕಪ್ಪು ಮರಿ. 2019, ಜುಲೈ 14, ಭಾನುವಾರ, ಬೆಳಗ್ಗೆ 7 ಗಂಟೆ 12. ಅದೇ ಈಶಾನ್ಯ ಮೂಲೆ.